ಮುಚ್ಚಿದ ಕೋಣೆಯ ಇದ್ದಿಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹಳೆಯ ಸಿನಿಮಾಗಳ ಸಂಗ್ರಹಾಲಯದ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಕೊಟ್ಟರು. ರೀಲುಗಳನ್ನಿಟ್ಟ ಗಾಳಿಯಾಡದ ಕೋಣೆಯಲ್ಲಿ ಜವಾನ ತಲೆಸುತ್ತಿ ಬಿದ್ದಿದ್ದ. ರೀಲುಗಳು ಬಿಡುವ ಹುಳಿ ಆವಿಯನ್ನು ಹೀರುವ ಇದ್ದಿಲಿನ ಪೆಟ್ಟಿಗೆಯ ಮೇಲೇ ಅವರಿಗೆ ಅನುಮಾನ: ಒಳಗಿನ ಇದ್ದಿಲನ್ನು ಯಾರೋ ಕದ್ದಿರಬೇಕು.

"ಇದ್ದಿಲು ಕದಿಯೋಕೆ ಯಾರಿಗೆ ತಲೆ ಕೆಟ್ಟಿದೆ ಸಾರ್?" ಎಂದ ಹೆಡ್ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ನಗಲಿಲ್ಲ. ಎಫ್‌ಐಆರ್ ಬರೆಸಿ ಹೊರಟರು.

ಕೋಣೆಯ ಗೋಡೆಗೆ ಅಂಟಿಸಿದ್ದ ನೀಲಿ ಪರೀಕ್ಷಾ ಕಾಗದ ಹಳದಿಗೆ ತಿರುಗಿತ್ತು; ಗಾಳಿ ಕೆಟ್ಟಿತ್ತು. ಆದರೆ ವಾರವಾರವೂ ತೂಗುವ ಪೆಟ್ಟಿಗೆಯ ತೂಕ ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪಂಚರ ಮುಂದೆ ಮುಚ್ಚಳ ಬಿಚ್ಚಿಸಿದರು. ಮೇಲೊಂದು ಪದರ ಇದ್ದಿಲು, ಕೆಳಗೆಲ್ಲ ಜಲ್ಲಿಕಲ್ಲು.

"ತೂಗೋರು ಯಾರು?" ಎಂದು ಮೇಲ್ವಿಚಾರಕರನ್ನು ಕೇಳಿದರು.

"ಒಬ್ಬ ಹೆಣ್ಣುಮಗಳು ಸಾರ್. ಮೊದಲು ಅವಳ ಗಂಡ ನೋಡ್ಕೋತಿದ್ದ. ಇದೇ ಕೋಣೇಲಿ ಎದೆ ಹಿಡ್ಕೊಂಡು ಹೋಗ್ಬಿಟ್ಟ. ಕೆಲಸ ಅವಳಿಗೇ ಕೊಟ್ವಿ."

"ಹಳೇ ಇದ್ದಿಲು ಏನ್ಮಾಡ್ತೀರಿ?"

"ಮುಂದೆ ನಿಂತು ಸುಡಿಸ್ತೀವಿ."

ತೂಕ ಸರಿಹೊಂದಿಸಬಲ್ಲ ಕೈ ಒಂದೇ ಇತ್ತು.

ಮಧ್ಯಾಹ್ನ ಆಕೆಯ ಮನೆಯ ಬಾಗಿಲು ತೆರೆಯುತ್ತಲೇ ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿಯಿತು.

"ಯಾರಿಗಮ್ಮ ಹುಷಾರಿಲ್ಲ?"

"ಯಾರಿಗೂ ಇಲ್ಲ. ನಾನೊಬ್ಬಳೇ."

ಒಲೆಯ ಮೇಲಿನ ಬಾಣಲೆಯಲ್ಲಿ ಹಿಡಿಯಷ್ಟು ಇದ್ದಿಲು ಬೆಚ್ಚಗಾಗುತ್ತಿತ್ತು.

"ಕಾಯಿಸಿದ್ರೆ ಹೀರಿದ್ದನ್ನ ವಾಪಸ್ ಬಿಡುತ್ತಂತೆ ಸಾರ್. ನಮ್ಮ ಯಜಮಾನ್ರೇ ಹೇಳ್ತಿದ್ರು. ದಿನಾ ಕತ್ತಿಗೆ ಮುಲಾಮು ಹಚ್ಕೊಂಡೇ ಕೆಲಸಕ್ಕೆ ಹೋಗೋರು."

"ನಿನ್ನಿಂದ ಜವಾನ ಸಾಯ್ತಿದ್ದನಲ್ಲಮ್ಮ!"

"ಅಯ್ಯೋ... ಉಳಿದನಾ?"

"ಉಳಿದ."

ಆಕೆ ಒಲೆ ಆರಿಸಿ ಅಲ್ಲೇ ಕುಳಿತಳು. "ಅವರು ಹೋದಾಗ ಕೋಣೆ ಬಾಗಿಲು ಹಾಕಿತ್ತು ಸಾರ್. ಒಳಗಿನ ಗಾಳಿ ಒಳಗೇ ಸುತ್ತುತ್ತೆ. ಹಾಗಾದ್ರೆ ಅವರ ಕೊನೇ ಉಸಿರು ಎಲ್ಲಿಗೆ ಹೋಯ್ತು? ಅದನ್ನ ಸುಡೋಕೆ ಬಿಡ್ಲಾ?"

ಇನ್‌ಸ್ಪೆಕ್ಟರ್ ಪಂಚರನ್ನು ಒಳಗೆ ಕರೆದರು.

ಸಂಜೆ ನಾಲ್ಕಕ್ಕೆ ದಸ್ತಗಿರಿಯಾಯಿತು. ಪಂಚನಾಮೆ ಬರೆದು, ಉಳಿದ ಇದ್ದಿಲನ್ನು ಬಟ್ಟೆಚೀಲಕ್ಕೆ ತುಂಬಿದರು. ಹೆಡ್ ಕಾನ್‌ಸ್ಟೇಬಲ್ ಅರಗು ಕರಗಿಸಿ ಗಂಟಿನ ಮೇಲೆ ಬಿಟ್ಟ. ಬಿಸಿ ತಾಗಿದ್ದೇ ತಡ, ಮುಲಾಮಿನ ವಾಸನೆ ಮೆಲ್ಲಗೆ ಎದ್ದಿತು. ಕೆಲಸ ಮುಗಿಸಿ ಬಂದವರೊಬ್ಬರು ಸದ್ದಿಲ್ಲದೆ ಬೆನ್ನ ಹಿಂದೆ ನಿಂತ ಹಾಗೆ. ಹೆಡ್ ಕಾನ್‌ಸ್ಟೇಬಲ್ ಥಟ್ಟನೆ ತಿರುಗಿ ನೋಡಿದ. ಇನ್‌ಸ್ಪೆಕ್ಟರ್ ಕೂಡ ತಿರುಗಿದರು. ಆಕೆ ತಿರುಗಲಿಲ್ಲ, ಕಣ್ಣು ಮುಚ್ಚಿ ಕೂತಿದ್ದಳು.

ಮೊಹರು ಆರುವವರೆಗೆ ಇನ್‌ಸ್ಪೆಕ್ಟರ್ ಆಕೆಯನ್ನು ಎಬ್ಬಿಸಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ಇದು ಈಗ ಸಾಕ್ಷ್ಯ. ಕೇಸು ಮುಗಿಯೋವರೆಗೂ ಯಾರೂ ಸುಡೋ ಹಾಗಿಲ್ಲಮ್ಮ. ನಡಿ."