ಗೆರೆ ಎಳೆಯದ ಹಾಳೆ

“ಮೇಡಂ, ಈ ಸಹಿ ನಂದು ಹೌದೋ ಅಲ್ವೋ?”

ಪುಸ್ತಕ ಹೊಲಿಯುವ ಬೈಂಡರ್, ಕೈಯಲ್ಲಿದ್ದ ಜೆರಾಕ್ಸ್ ಹಾಳೆಗಳನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಅವಳ ಸ್ಟಿಕ್ಕರ್ ಡಬ್ಬಿ ಉರುಳಿ, ಹಸಿರು ಕೆಂಪು ಚುಕ್ಕಿಗಳೆಲ್ಲ ನೆಲಕ್ಕೆ ಬಿದ್ದವು. ನಗರ ಯೋಜನಾ ಇಲಾಖೆಯ ಎರಡನೇ ಮಹಡಿಯಲ್ಲಿ ಅವಳನ್ನು ಬಿಟ್ಟು ಹನ್ನೊಂದು ಜನ ಕೆಲಸ ಮಾಡುತ್ತಿದ್ದರು. ಹನ್ನೊಂದು ಜನರೂ ಕೆಲಸ ನಿಲ್ಲಿಸಿ ಇತ್ತ ತಿರುಗಿದರು.

ಅವಳಿಗೆ ಮೊದಲು ಚುಚ್ಚಿದ್ದು ಹಾಳೆಯಲ್ಲ, ‘ಮೇಡಂ’. ಹೋದ ಭಾನುವಾರ ಇದೇ ಮನುಷ್ಯ ಮೆಟ್ಟಿಲ ಬೀದಿಯ ಹದಿನೇಳನೇ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು, “ಏ ಚುಕ್ಕಿ, ನಿನ್ನ ಕಿವಿ ಹತ್ರ ಒಂದು ಸ್ಟಿಕ್ಕರ್ ಅಂಟಿದೆ. ತೆಗೀಲಾ, ಹಾಗೇ ಬಿಡ್ಲಾ?” ಎಂದು ಕೇಳಿದ್ದ. ಅವಳು ಬೇಕೆಂದೇ ಉತ್ತರ ತಡ ಮಾಡಿದ್ದಳು. ಅವನ ಬೆರಳಿಗೆ ಅಂಟಿನ ವಾಸನೆ ಇತ್ತು. ತೆಗೆದ ಸ್ಟಿಕ್ಕರನ್ನು ಅವನು ಬಿಸಾಡದೆ ತನ್ನ ಗಡಿಯಾರದ ಪಟ್ಟಿಗೆ ಅಂಟಿಸಿಕೊಂಡದ್ದನ್ನು ಅವಳು ನೋಡಿಯೂ ನೋಡದಂತೆ ಇದ್ದಳು. ಇವತ್ತು ಆ ಗಡಿಯಾರವೇ ಕೈಯಲ್ಲಿರಲಿಲ್ಲ.

“ನಿಮ್ದೇ,” ಎಂದಳು. ಅವಳೂ ಬಹುವಚನಕ್ಕೆ ಏರಿದಳು. “ಕೂತ್ಕೊಂಡು ಮಾತಾಡಿ.”

“ಕೂತ್ಕೊಳ್ಳೋಕೆ ಬಂದಿಲ್ಲ. ಮೇಲೇನು ಬರೆದಿದೆ, ಓದಿ. ಜೋರಾಗಿ ಓದಿ, ಎಲ್ಲರಿಗೂ ಕೇಳ್ಲಿ.”

ಅವಳು ಮನಸ್ಸಿನಲ್ಲೇ ಓದಿದಳು. ‘ಮೆಟ್ಟಿಲು ತೆರವು ಮತ್ತು ರಸ್ತೆ ನಿರ್ಮಾಣಕ್ಕೆ ಈ ಕೆಳಗೆ ಸಹಿ ಮಾಡಿದ ನಿವಾಸಿಗಳ ಒಪ್ಪಿಗೆ.’ ಟೈಪ್ ಮಾಡಿದ ಒಂದು ಹಾಳೆ. ಅದರ ಹಿಂದೆ ಕೈಬರಹದ ಎರಡು ಹಾಳೆ. ಎರಡರಲ್ಲೂ ಸೇರಿ ನಲವತ್ತೊಂದು ಸಹಿ.

“ಇದು ನಾನು ಬರೆದಿದ್ದಲ್ಲ.”

“ಸಹಿ ತಗೊಂಡಿದ್ದು ಯಾರು?”

“ನಾನೇ.”

“ಮತ್ತೆ? ‘ಸುಮ್ನೆ ಹಾಜರಿಗೆ, ಬಂದಿದ್ವಿ ಅಂತ ಗುರುತಿಗೆ’ ಅಂದ್ರಿ. ನಾನು ಒಂದೊಂದು ಮನೆ ಬಾಗಿಲು ಬಡಿದು ಕರ್ಕೊಂಡು ಬಂದೆ. ‘ಈ ಮೇಡಂ ಬೇರೆ ಥರ, ನಂಬಬಹುದು’ ಅಂದೆ. ಈಗ ಅವರೆಲ್ಲ ನನ್ನ ಮುಖಕ್ಕೆ ಉಗೀತಾರೆ. ನಾನೇನು ಮಾಡ್ಲಿ? ಒರೆಸ್ಕೊಳ್ಲಾ?”

ಅವನ ಧ್ವನಿ ಕೊನೆಗೆ ಸ್ವಲ್ಪ ಒಡೆಯಿತು. ಅದಕ್ಕೆ ಅವನಿಗೇ ಸಿಟ್ಟು ಬಂದಂತೆ ಕುರ್ಚಿಗೊಂದು ಒದೆ ಕೊಟ್ಟು ಹೊರಟುಹೋದ.

ಮೆಟ್ಟಿಲ ಬೀದಿಯಲ್ಲಿ ಅರವತ್ತನಾಲ್ಕು ಕಲ್ಲು ಮೆಟ್ಟಿಲು. ಎರಡೂ ಬದಿಗೆ ಮನೆ, ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ. ಕೆಳಗಿನ ಮಾರುಕಟ್ಟೆಯಿಂದ ಮೇಲಿನ ಬಡಾವಣೆಗೆ ಕಾರು ಹತ್ತಬೇಕೆಂದರೆ ಮೆಟ್ಟಿಲು ಹೋಗಬೇಕು, ಎಡಗಡೆಯ ಇಪ್ಪತ್ತೆರಡು ಮನೆಯೂ ಹೋಗಬೇಕು. ಬೈಂಡರ್‌ನದು ಎಡಗಡೆಯ ಮೂರನೆಯ ಮನೆ. ಶುಕ್ರವಾರ ಹನ್ನೊಂದು ಗಂಟೆಗೆ ರಸ್ತೆ ಯೋಜನೆಯ ವಿಚಾರಣೆ. ಅಲ್ಲಿ ಈ ಒಪ್ಪಿಗೆ ಊರ್ಜಿತವಾದರೆ ಮಾರನೆಯ ದಿನವೇ ಬಾಗಿಲಿಗೆ ನೋಟಿಸು.

ಅವಳ ಕೆಲಸ ಬೀದಿಯ ಜನರ ಅಭಿಪ್ರಾಯ ಸಂಗ್ರಹಿಸುವುದು. ಅಲ್ಲಿನ ಶಾಲೆಯ ಹಾಲ್‌ನಲ್ಲಿ ನಕ್ಷೆ ಹರಡುವುದು, ಬೇಕಾದ್ದಕ್ಕೆ ಹಸಿರು, ಬೇಡದ್ದಕ್ಕೆ ಕೆಂಪು ಚುಕ್ಕಿ ಅಂಟಿಸಲು ಹೇಳುವುದು, ಬಂದವರ ಸಹಿ ತೆಗೆದುಕೊಳ್ಳುವುದು. ಬೀದಿಯವರು ಅವಳಿಗೆ ‘ಚುಕ್ಕಿ ಮೇಡಂ’ ಎಂದು ಹೆಸರಿಟ್ಟದ್ದು ಆ ಸ್ಟಿಕ್ಕರ್‌ಗಳಿಂದಲೇ.

ಅವಳಪ್ಪ ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ನಕಲು ಬರೆದವರು. ಮಗಳಿಗೆ ಕಲಿಸಿದ್ದು ಒಂದೇ ವಿದ್ಯೆ: ಸಹಿ ತಗೊಳ್ಳೋ ಮೊದಲು ಹಾಳೆಗೆ ತಲೆಬರಹ ಹಾಕು, ಉಳಿದ ಖಾಲಿ ಜಾಗಕ್ಕೆ ಗೆರೆ ಎಳಿ. ಅಪ್ಪ ಹಾಲಿನವನಿಗೆ ಚೀಟಿ ಬರೆದರೂ ಕೆಳಗೆ ಗೆರೆ ಎಳೆಯುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದರು. ಅವಳು ನಗುತ್ತಲೇ ಕಲಿತಿದ್ದಳು.

ಸಹಿ ತೆಗೆದುಕೊಂಡ ದಿನ ಇಪ್ಪತ್ತು ಜನ ಬಂದಾರೆಂದು ಎಣಿಸಿದ್ದಳು. ಬಂದವರು ಐವತ್ತಮೂರು. ಮೊದಲ ಹಾಳೆಗೆ ‘ಹಾಜರಿ’ ಎಂದು ಬರೆದು ಅಡಿಗೆರೆ ಹಾಕಿದ್ದಳು. ಸಭೆಯ ವಿವರವೂ ಸೇರಿ ಅದು ಹನ್ನೆರಡು ಹೆಸರಿಗೇ ತುಂಬಿತು. ಪ್ಯಾಡಿನಿಂದ ಇನ್ನೆರಡು ಹಾಳೆ ಹರಿದು, ತಲೆಬರಹ ಬರೆಯಲು ಪೆನ್ನು ಎತ್ತಿದಾಗ ಬೈಂಡರ್ ಎದುರಿಗೆ ಬಂದು ನಿಂತ.

“ಮೇಡಂ, ನಮ್ಮ ಬೀದಿಗೆ ರಸ್ತೆ ಬೇಡ. ನೀವು ವಾರಕ್ಕೊಂದ್ಸಲ ಹೀಗೆ ಏದುಸಿರು ಬಿಡ್ತಾ ಹತ್ತಿ ಬಂದ್ರೆ ಸಾಕು. ನೋಡೋಕೆ ಚೆನ್ನಾಗಿರುತ್ತೆ.”

ಅವಳು ನಕ್ಕಳು. ನಗುತ್ತಲೇ ಹಾಳೆಗಳನ್ನು ಪಕ್ಕದವರ ಕೈಗೆ ದಾಟಿಸಿದಳು. ತಲೆಬರಹ ಇಲ್ಲ, ಗೆರೆ ಇಲ್ಲ. ಆ ಒಂದು ನಗುವಿಗೆ ನಲವತ್ತೊಂದು ಸಹಿ.

ನೆಲದ ಮೇಲಿನ ಚುಕ್ಕಿಗಳನ್ನು ಆಯ್ದುಕೊಂಡು ಅವಳು ನೇರ ಸಾಹೇಬರ ಕೋಣೆಗೆ ನುಗ್ಗಿದಳು.

“ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ನಾಟಕ ಕಂಪನಿ ಕರೆಸಿದ್ದೀಯ?” ಸಾಹೇಬರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೇಳಿದರು.

“ಮೊದಲ್ನೇ ಹಾಳೆ ಎಲ್ಲಿ ಸಾರ್? ಹಾಜರಿ ಅಂತ ನಾನು ಬರೆದಿದ್ದು.”

“ಯಾವ ಹಾಳೆ? ಜನ ಬಂದ್ರು, ಟೀ ಕುಡಿದ್ರು, ಸಹಿ ಹಾಕಿದ್ರು. ಬೇಡ ಅಂತ ಎಲ್ಲಾದ್ರೂ ಬರೆದಿದ್ದಾರಾ?”

“ನಕ್ಷೆ ಮೇಲೆ ಮೂವತ್ತೆಂಟು ಕೆಂಪು ಚುಕ್ಕಿ ಇದೆ.”

“ಚುಕ್ಕಿಗೆ ಹೆಸರಿರುತ್ತೇನಮ್ಮ?” ಸಾಹೇಬರು ಒಂದು ಗುಟುಕು ಕುಡಿದರು. “ಶುಕ್ರವಾರ ವರದಿ ನೀನೇ ಓದು. ಜನಕ್ಕೆ ನಿನ್ನ ಮುಖ ಪರಿಚಯ. ಗಲಾಟೆ ಆಗಲ್ಲ. ಹಾಂ, ತಿಂಗಳ ಕೊನೆಗೆ ನಿನ್ನ ಗುತ್ತಿಗೆ ಮುಗಿಯುತ್ತಲ್ವಾ? ಮುಂದುವರಿಸೋ ಪತ್ರ ನಾನೇ ಬರೀಬೇಕು.”

ಹೆದರಿಸಿದ್ದಕ್ಕಿಂತ ಆ ಮೃದು ಧ್ವನಿಗೆ ಅವಳ ಮೈ ಉರಿಯಿತು. ಬಾಗಿಲನ್ನು ಧಡಾರನೆ ಹಾಕಬೇಕೆಂದುಕೊಂಡಳು. ಆ ಬಾಗಿಲಿಗೆ ತಾನಾಗಿ ನಿಧಾನ ಮುಚ್ಚುವ ಸ್ಪ್ರಿಂಗ್ ಇತ್ತು. ಅದೂ ಕೈ ಕೊಟ್ಟಿತು.

ಗುರುವಾರ ಸಂಜೆ ಅವಳು ಮೆಟ್ಟಿಲ ಬೀದಿಗೆ ಹೋದಳು. ಹಿಂದೆ ಅವಳನ್ನು ಕಂಡರೆ “ಬಂದ್ರಾ ಚುಕ್ಕಿ ಮೇಡಂ, ಕೂತ್ಕೊಳ್ಳಿ” ಎನ್ನುತ್ತಿದ್ದ ದರ್ಜಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಇಸ್ತ್ರಿ ಅಂಗಡಿಯ ಹೆಂಗಸು ಅವಳ ಕಾಲ ಬಳಿಯೇ ನೀರು ಚೆಲ್ಲಿದಳು.

ಬೈಂಡರ್‌ನ ಅಂಗಡಿಯಲ್ಲಿ ಬೆನ್ನು ಹರಿದ ಪುಸ್ತಕಗಳು ಆಳೆತ್ತರ. ಅವನು ದಬ್ಬಳದಿಂದ ಒಂದು ದಪ್ಪ ರಿಜಿಸ್ಟರಿಗೆ ತೂತು ಹಾಕುತ್ತಿದ್ದ. ಅವನ ತಾಯಿ ಮೂಲೆಯಲ್ಲಿ ಕೂತು ಹಳೆಯ ರಟ್ಟು ಕೀಳುತ್ತಿದ್ದರು.

“ಬಂದ್ಯಾ ತಾಯಿ,” ಎಂದರು ಅವರು. “ನಿನ್ನ ಜೊತೆ ನನಗೊಂದು ಜಗಳ ಇದೆ. ಅವತ್ತು ಮೊಣಕಾಲು ನೋವಲ್ಲೂ ಎಲ್ಲರಿಗಿಂತ ಮೊದಲು ಬಂದೋಳು ನಾನು. ಮೊದಲ ಸಹಿ ನಂದು. ಇವನು ತಂದ ಪೇಪರ್‌ನಲ್ಲಿ ನನ್ನ ಹೆಸರೇ ಇಲ್ಲ. ನಾನೇನು ಲೆಕ್ಕಕ್ಕಿಲ್ವಾ?”

ಅವಳು ಅವರನ್ನೇ ನೋಡುತ್ತ ನಿಂತಳು. ಮೊದಲ ಹಾಳೆಯ ಹನ್ನೆರಡು ಜನ ಇನ್ನೂ ಈ ಬೀದಿಯಲ್ಲೇ ಇದ್ದರು. ಹಾಳೆಯನ್ನು ಹರಿಯಬಹುದು, ಇವರನ್ನು ಹರಿಯಲಾಗುವುದಿಲ್ಲ.

“ಅಮ್ಮ, ನೀವು ನಾಳೆ ಇದನ್ನೇ ಅಲ್ಲಿ ಬಂದು ಕೇಳಿ.”

“ಅದಷ್ಟೇ ಅಲ್ಲ.” ಬೈಂಡರ್ ಜೆರಾಕ್ಸ್ ಹಾಳೆಗಳನ್ನು ಅವಳ ಮುಂದೆ ತಳ್ಳಿದ. ಮೂಲೆಯ ಸಣ್ಣ ಕಪ್ಪು ಚುಕ್ಕೆಗಳ ಮೇಲೆ ದಬ್ಬಳದ ತುದಿ ಇಟ್ಟ. “ಇವು ಪಿನ್ನು ಹೊಡೆದ ತೂತು. ಟೈಪ್ ಮಾಡಿದ ಹಾಳೆಗೆ ಒಂದು ಜೊತೆ. ಹಿಂದಿನ ಎರಡಕ್ಕೂ ಎರಡೆರಡು ಜೊತೆ. ಅಂದ್ರೆ ಇವನ್ನ ಒಂದ್ಸಲ ಬೇರೆ ಹಾಳೆ ಜೊತೆ ಪಿನ್ನು ಮಾಡಿದ್ರು. ಬಿಚ್ಚಿದ್ರು. ಮತ್ತೆ ಇದರ ಜೊತೆ ಸೇರಿಸಿದ್ರು. ಇಪ್ಪತ್ತು ವರ್ಷದಿಂದ ನಾನು ಮಾಡ್ತಿರೋದು ತೂತಿನ ಕೆಲಸಾನೇ.”

“ಯಾವಾಗ ಗೊತ್ತಾಯ್ತು?”

“ಸೋಮವಾರ ರಾತ್ರಿ.”

ಅವನು ಆಫೀಸಿಗೆ ಬಂದು ಕೂಗಾಡಿದ್ದು ಮಂಗಳವಾರ ಬೆಳಿಗ್ಗೆ.

“ಹಾಗಾದ್ರೆ ನಾನು ಮಾಡಿದ್ದಲ್ಲ ಅಂತ ಗೊತ್ತಿದ್ದೂ ಅಷ್ಟು ಜನರ ಮುಂದೆ ನನ್ನ ಮಾನ ಕಳೆದ್ಯಾ?”

“ತಲೆಬರಹ ಹಾಕದೆ ಕೊಟ್ಟಿದ್ದು ನೀನು ತಾನೇ? ನಿಮ್ಮಪ್ಪನ ಗೆರೆ ಕಥೆ ನನಗೇ ಹೇಳಿ ನಗಿಸಿದ್ದೆಯಲ್ಲ. ಆವತ್ತು ಎಲ್ಲಿ ಹೋಗಿತ್ತು ಆ ಗೆರೆ?”

“ನೀನು ಎದುರಿಗೆ ನಿಂತು ಹಲ್ಲು ಕಿರಿದೆ, ಅದಕ್ಕೇ ಮರೆತೆ!”

ತಾಯಿ ರಟ್ಟು ಕೀಳುವುದನ್ನು ನಿಲ್ಲಿಸಿದರು. “ಇದು ರಸ್ತೆ ವಿಷಯದ ಜಗಳ ಅಲ್ಲ,” ಎಂದು ಗೋಡೆಗೆ ಹೇಳಿದಂತೆ ಹೇಳಿ, ಮೊಣಕಾಲು ಹಿಡಿದುಕೊಂಡು ಒಳಗೆ ಹೋದರು.

ಇಬ್ಬರೇ ಉಳಿದರು. ಅವನು ದಾರಕ್ಕೆ ಮೇಣ ಉಜ್ಜತೊಡಗಿದ. ಅಷ್ಟು ಉಜ್ಜುವ ಅಗತ್ಯ ಆ ದಾರಕ್ಕಿರಲಿಲ್ಲ.

“ನಾಳೆ ಏನು ಹೇಳ್ತೀಯ?” ಎಂದು ಅವನು ಕೇಳುತ್ತಾನೆಂದು ಕಾದಳು. ಅವನು ಕೇಳಲಿಲ್ಲ. ಬೇಡಿಕೊಂಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ನಂಬಿಯೂ ಸಿಟ್ಟಿನಲ್ಲೇ ಕೂತಿದ್ದ. ಅದನ್ನು ಹೇಗೆ ಎದುರಿಸಬೇಕೋ ತಿಳಿಯದೆ ಅವಳು ಮೆಟ್ಟಿಲಿಳಿದು ಬಂದಳು.

ಶುಕ್ರವಾರ ವಿಚಾರಣೆಯ ಹಾಲ್ ತುಂಬಿತ್ತು. ಸಾಹೇಬರು ಮುಂದಿನ ಸಾಲಿನಲ್ಲಿ ಬಾಟಲಿ ಹಿಡಿದು ಕೂತಿದ್ದರು. ಕನ್ನಡಕದ ವಿಚಾರಣಾಧಿಕಾರಿ ಹೆಂಗಸು ಅವಳಿಗೆ ಮೈಕು ಕೊಡಿಸಿದರು.

ಅವಳು ಒಪ್ಪಿಗೆ ಪತ್ರದ ತಲೆಬರಹ ಓದಿದಳು. ಹಿಂದಿನ ಸಾಲುಗಳಲ್ಲಿ ಬೈಗುಳ ಎದ್ದಿತು. ಅದು ಇಳಿಯುವವರೆಗೆ ಕಾದಳು.

“ಈಗ ಓದಿದ್ದು ಸುಳ್ಳು. ಇವು ಹಾಜರಿಯ ಸಹಿ. ತಗೊಂಡೋಳು ನಾನು. ಎರಡು ಹಾಳೆಗೆ ತಲೆಬರಹ ಹಾಕದೆ ಬಿಟ್ಟಿದ್ದು ನನ್ನ ತಪ್ಪು. ಹಾಜರಿ ಅಂತ ಬರೆದಿದ್ದ ಮೊದಲ ಹಾಳೆಯನ್ನ ನಮ್ಮ ಆಫೀಸಲ್ಲಿ ಕಿತ್ತು, ಅದರ ಜಾಗಕ್ಕೆ ಇದನ್ನ ಸೇರಿಸಿದ್ದಾರೆ. ಮೂಲ ಹಾಳೆಗಳ ಮೂಲೆಯ ತೂತು ನೋಡಿ.”

ಸಾಹೇಬರ ಬಾಟಲಿಯ ಮುಚ್ಚಳ ಕೈಜಾರಿ ಕುರ್ಚಿಗಳ ಕೆಳಗೆ ಉರುಳಿತು.

“ಮತ್ತೆ ನನ್ನ ಸಹಿ ಎಲ್ಲಿ?” ಬೈಂಡರ್‌ನ ತಾಯಿ ಎದ್ದು ನಿಂತರು. “ನಾನು ಮೊದಲ್ನೇಯವಳು!” ದರ್ಜಿ ಎದ್ದ. ಇಸ್ತ್ರಿಯ ಹೆಂಗಸು ಎದ್ದಳು. ಒಬ್ಬೊಬ್ಬರಾಗಿ ಹನ್ನೆರಡು ಜನ, ಎಲ್ಲೂ ಹೆಸರಿಲ್ಲದವರು.

ವಿಚಾರಣಾಧಿಕಾರಿ ಮೂಲ ಹಾಳೆಗಳನ್ನು ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಪ್ಪಿಗೆ ರದ್ದಾಯಿತು. ಮೂರು ತಿಂಗಳೊಳಗೆ ಮನೆಮನೆಗೆ ಹೋಗಿ ಹೊಸದಾಗಿ ಕೇಳಬೇಕೆಂದು ಆದೇಶವಾಯಿತು. ಮೆಟ್ಟಿಲು ಉಳಿಯಿತು ಎಂದೇನಲ್ಲ. ಜಗಳಕ್ಕೆ ಸಮಯ ಸಿಕ್ಕಿತು.

ನಾಲ್ಕು ಗಂಟೆಗೆ ಅವಳ ಮೇಜು ಖಾಲಿ ಮಾಡಿಸಿದರು. ಹನ್ನೊಂದು ಜನರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಚೀಲದಲ್ಲಿ ಶಾಲೆಯ ಹಾಲ್‌ನ ಬೀಗದ ಕೈ ಉಳಿದಿತ್ತು. ಅದನ್ನು ಹಿಂತಿರುಗಿಸಲು ಮಾತ್ರ ಮೆಟ್ಟಿಲ ಬೀದಿಗೆ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಹದಿನೇಳನೇ ಮೆಟ್ಟಿಲ ಮೇಲೆ ಬೈಂಡರ್ ಕೂತಿದ್ದ. ಅವಳು ಅವನನ್ನು ದಾಟಿ, ಎರಡು ಮೆಟ್ಟಿಲು ಮೇಲೆ ಹೋಗಿ ಕೂತಳು.

“ಕೆಲಸ?” ಅವನು ತಿರುಗದೆ ಕೇಳಿದ.

“ಹೋಯ್ತು.”

“ಥೂ!” ಎಂದ. ಯಾರಿಗೆಂದು ಹೇಳಬೇಕಾಗಿರಲಿಲ್ಲ.

“ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ,” ಎಂದಳು. “ಆಫೀಸಲ್ಲಿ ಅಷ್ಟು ಜನರ ಮುಂದೆ...”

“ಗೊತ್ತು. ತಪ್ಪಾಯ್ತು.”

“ಗುಸುಗುಸು ಅಂದ್ರೆ ಆಗಲ್ಲ. ಬೈದಿದ್ದು ಜೋರಾಗಿ ಬೈದೆಯಲ್ಲ.”

“ಸೋಮವಾರ ಅದೇ ಹನ್ನೊಂದು ಜನರ ಮುಂದೆ ಬಂದು ಹೇಳ್ತೀನಿ.”

“ಸೋಮವಾರ ನಾನು ಅಲ್ಲಿರಲ್ಲ.”

“ಅವರಿರ್ತಾರಲ್ಲ. ಅವರಿಗೇ ಹೇಳಿ ಬರ್ತೀನಿ.”

ನಗು ಬಂತು. ಅದನ್ನು ಹಲ್ಲಲ್ಲೇ ಕಚ್ಚಿ ಹಿಡಿದಳು. ಹೋದ ಸಲ ನಕ್ಕದ್ದಕ್ಕೆ ಬೆಲೆ ತೆತ್ತಾಗಿತ್ತು. ಚೀಲದಿಂದ ಪ್ಯಾಡ್ ತೆಗೆದು, ಒಂದು ಹಾಳೆಯ ತಳದಲ್ಲಿ ಸಹಿ ಹಾಕಿ, ಹರಿದು ಅವನತ್ತ ಚಾಚಿದಳು.

“ತಗೋ. ತಲೆಬರಹ ಇಲ್ಲ, ಗೆರೆ ಇಲ್ಲ. ಮೇಲೆ ಏನು ಬೇಕಾದ್ರೂ ಬರ್ಕೋ. ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟ ನಿಮ್ಮ ಬೀದಿಯವರಿಗೆ ಹೇಗಾಯ್ತು ಅಂತ ನನಗೂ ಗೊತ್ತಾಗ್ಲಿ.”

ಅವನು ಹಾಳೆ ನೋಡಿದ. ಮುಖ ಕೆಂಪಾಯಿತು. “ಬುದ್ಧಿ ಇದೆಯಾ ನಿನಗೆ? ಇಷ್ಟೆಲ್ಲ ಆದ್ಮೇಲೂ ಯಾರಿಗಾದ್ರೂ ಹೀಗೆ ಕೊಡ್ತಾರಾ?”

“ಯಾರಿಗೂ ಕೊಡಲ್ಲ.”

 ಅವನು ಅವಳ ಕೈಯಿಂದ ಪೆನ್ನು ಕಿತ್ತುಕೊಂಡು, ಹಾಳೆಯನ್ನು ಮೊಣಕಾಲ ಮೇಲಿಟ್ಟು, ಎಡಗೈ ಅಡ್ಡ ಹಿಡಿದು ಬರೆಯತೊಡಗಿದ. ಆ ಎಡಗೈಯಲ್ಲಿ ಗಡಿಯಾರ ಮರಳಿ ಬಂದಿತ್ತು. ಪಟ್ಟಿಯ ಮೇಲಿನ ಹಸಿರು ಚುಕ್ಕಿಯ ಅಂಚು ಸ್ವಲ್ಪ ಎದ್ದಿತ್ತು. 

“ಇನ್ನೂ ಎಷ್ಟು ಬರೀತೀಯ?”

“ಸುಮ್ನಿರೇ.”

ಕೊನೆಗೆ ಕೊಟ್ಟ. ಮೇಲೆ ದೊಡ್ಡದಾಗಿ ‘ಹಾಜರಿ’ ಎಂದಿತ್ತು, ಅಡಿಗೆರೆ ಸಮೇತ. ಅದರ ಕೆಳಗೆ: ‘ಹದಿನೇಳನೇ ಮೆಟ್ಟಿಲು. ದಿನಾ ಸಂಜೆ. ಮೆಟ್ಟಿಲು ಇರುವವರೆಗೆ ಇಲ್ಲಿ, ಆಮೇಲೆ ಎಲ್ಲಿದ್ದರೆ ಅಲ್ಲಿ. ಇಬ್ಬರೂ.’ ಅವಳ ಸಹಿಯ ಪಕ್ಕ ಅವನ ಸಹಿ. ನಡುವೆ ಉಳಿದ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೆರೆ.

ಅವಳು ಎರಡು ಸಲ ಓದಿದಳು. ಆಮೇಲೆ ಅಪ್ಪನ ಮಗಳಾಗಿ ಮೇಲಿಂದ ಕೆಳಗಿನವರೆಗೆ ಪರೀಕ್ಷಿಸಿದಳು. ಯಾರೂ ಇನ್ನೊಂದು ಅಕ್ಷರ ಸೇರಿಸಲು ಎಲ್ಲೂ ಜಾಗವಿರಲಿಲ್ಲ.

“ಗೆರೆ ಸೊಟ್ಟ ಇದೆ,” ಎಂದಳು ಸಿಟ್ಟಿನಿಂದಲೇ, ಮತ್ತು ಎರಡು ಮೆಟ್ಟಿಲು ಕೆಳಗಿಳಿದು ಅವನ ಪಕ್ಕ ಕೂತಳು.