‘ನೈಸ್’ ಪದದ ಕಾರ್ಡು

ನಿಘಂಟು ಕಚೇರಿಯಲ್ಲಿ ಅವಳಿಗೆ ಕತ್ತರಿ ಮೇಡಂ ಎಂದೇ ಹೆಸರು. ಒಂದೊಂದು ಇಂಗ್ಲಿಷ್ ಪದಕ್ಕೂ ಒಂದೊಂದು ಕಾರ್ಡು. ಅದರಲ್ಲಿ ಅರ್ಥ, ಮೂಲ, ಕೊನೆಗೊಂದು ಉದಾಹರಣೆ ವಾಕ್ಯ. ಬರೆಯುವವನು ಎದುರು ಮೇಜಿನವನು, ಉದ್ದವಾದದ್ದನ್ನು ಕತ್ತರಿಸುವವಳು ಇವಳು.

ನಾಲ್ಕು ದಿನದಿಂದ ಆ ಪುಣ್ಯಾತ್ಮ ಇವಳತ್ತ ತಿರುಗಿಯೂ ನೋಡಿರಲಿಲ್ಲ. ಮೊದಲೆಲ್ಲ ಕನ್ನಡಕದ ಮೇಲಿಂದ ಕದ್ದು ನೋಡಿ, ಸಿಕ್ಕಿಬಿದ್ದರೆ ಪೆನ್ನಿನ ಕ್ಯಾಪು ಹುಡುಕುವ ನಾಟಕ ಆಡುತ್ತಿದ್ದವನು! ಆ ನೋಟವಿಲ್ಲದೆ ಇವಳಿಗೆ ಕೆಲಸವೇ ಸಾಗುತ್ತಿರಲಿಲ್ಲ.

“ಏನಮ್ಮಾ, ಅವನಿಗೆ ಏನಂದೆ?” ಎಂದರು ಸಂಪಾದಕರು. “ಬೇರೆ ಶಾಖೆಗೆ ವರ್ಗ ಕೇಳಿದಾನೆ. ಸಂಜೆಯೊಳಗೆ ನಾನು ಸಹಿ ಹಾಕ್ಬೇಕು.”

ಅವಳು ತನ್ನ ಮೇಜಿಗೆ ಓಡಿದಳು. ಏನಂದೆ ನಾನು? ಅವನ ಹಿಂದಿನ ವಾರದ ಕಾರ್ಡುಗಳ ಕಟ್ಟು ಬಿಚ್ಚಿದಳು. ‘ನೈಸ್’ ಸಿಕ್ಕಿತು. ಉದಾಹರಣೆ: ‘ನೀವು ಎದುರು ಕೂತಿದ್ದರೆ ದಿನವೆಲ್ಲ ನೈಸಾಗಿರುತ್ತದೆ. ಜೀವನಪೂರ್ತಿ ಜೊತೆಗಿರುತ್ತೀರಾ?’ ಎರಡನೆಯ ವಾಕ್ಯದ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಇವಳದೇ ದುಂಡಗಿನ ಅಕ್ಷರ: ‘ಅನಗತ್ಯ. ತೆಗೆಯಿರಿ.’

ಅಂದು ಇನ್ನೂರು ಕಾರ್ಡು ನೋಡಿದ್ದಳು. ಅಯ್ಯೋ ನನ್ನ ಕರ್ಮವೇ, ಎಂದು ಹಣೆ ಚಚ್ಚಿಕೊಂಡು ಅವನ ಮೇಜಿನ ಮುಂದೆ ಹೋಗಿ ನಿಂತಳು.

“ನಾನು ಓದ್ಲೇ ಇಲ್ಲ ಕಣ್ರೀ. ಬರೀ ಸಾಲು ಎಣಿಸ್ದೆ.”

ಅವನು ತಲೆ ಎತ್ತಲಿಲ್ಲ. “ಬಿಡಿ ಮೇಡಂ. ಹಿಂದೆ ನೈಸ್ ಅಂದ್ರೆ ದಡ್ಡ ಅಂತಾನೇ ಅರ್ಥ. ಮೂಲ ಲ್ಯಾಟಿನ್ನು, ಏನೂ ತಿಳೀದವನು ಅಂತ. ಆಮೇಲೆ ನಾಜೂಕು ಅಂತಾಯ್ತು. ಚೆಂದ ಅಂತಾಗೋಕೆ ನೂರಾರು ವರ್ಷ ಹಿಡೀತು.”

“ಅಷ್ಟು ವರ್ಷ ನನ್ ಹತ್ರ ಇಲ್ಲ. ಬಾಯಿಬಿಟ್ಟು ಕೇಳೋಕೇನಾಗಿತ್ತು ನಿಮಗೆ?”

“ಧೈರ್ಯ ಎಲ್ಲಿಂದ ತರ್ಲಿ? ನಿಮ್ಮ ಕೈಲಿ ಯಾವಾಗ್ಲೂ ಕೆಂಪು ಪೆನ್ನು.”

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. ಪೆನ್ನನ್ನು ಅವನ ಮೇಜಿನ ಮೇಲಿಟ್ಟು ಕೈ ಎರಡೂ ಬಿಚ್ಚಿ ತೋರಿಸಿದಳು.

“ಈಗಿಲ್ಲ. ಕೇಳಿ.”

ಅವನ ಕಿವಿ ಕೆಂಪಾಯಿತು. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. “ಜೀವನಪೂರ್ತಿ…” ಎಂದು ತೊದಲಿದ.

“ಹೂಂ!” ಪೂರ್ತಿ ಕೇಳುವಷ್ಟು ತಾಳ್ಮೆ ಅವಳಿಗೆಲ್ಲಿ? “ನೀವಿಲ್ದೆ ನಂಗಾಗಲ್ಲ ಕಣ್ರೀ. ಹಾಗೇ ನೋಡ್ತಾ ಕೂತ್ಕೋಬೇಡಿ, ಅವರು ಸಹಿ ಹಾಕೋಕೆ ಮುಂಚೆ ಅರ್ಜಿ ಕಿತ್ಕೊಂಡು ಬನ್ನಿ!”

ಅವನು ಚಪ್ಪಲಿಯನ್ನು ಮೇಜಿನ ಕೆಳಗೇ ಬಿಟ್ಟು, ಬರಿಗಾಲಲ್ಲಿ ಸಂಪಾದಕರ ಕೋಣೆಗೆ ಓಡಿದ.