ಕುಂಡದೊಳಗಿನ ಜಡೆ

"ನೀರು ಹಾಕು, ಎಲೆ ಒರೆಸು, ಏನು ಬೇಕಾದ್ರೂ ಮಾಡು. ಕತ್ತರಿ ಮಾತ್ರ ತಾಗಿಸ್ಬೇಡ ಕಣಮ್ಮ," ಎಂದಳು ಕೆಳಮನೆಯ ಟೈಲರಕ್ಕ, ಬೀಗದ ಕೈ ಕೊಡುತ್ತಾ.

ಮಹಡಿಯ ಎರಡು ಕೋಣೆಗೆ ಹೊಸದಾಗಿ ಬಂದವಳು ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ಕಿಟಕಿಯ ಪಕ್ಕ ಎದೆಯೆತ್ತರ ಬೆಳೆದಿದ್ದ ಪಾಮ್ ಗಿಡ ನೋಡಿ ನಕ್ಕುಬಿಟ್ಟಳು. "ಕತ್ತರಿ ಆಡಿಸಿ ಹೊಟ್ಟೆ ಹೊರೆಯೋಳಿಗೆ ಹೇಳೋ ಮಾತಾ ಅಕ್ಕ ಇದು? ಗಿಡ ಏನು, ಅಯ್ಯೋ ಅನ್ನುತ್ತಾ?"

ಟೈಲರಕ್ಕ ನಗಲಿಲ್ಲ. "ಮುಂಚೆ ಇಲ್ಲಿದ್ದೋಳು ಮಗಳನ್ನ ಕಳಕೊಂಡಳು. ಆಮೇಲೆ ಯಾರನ್ನೋ ಕರೆಸಿ ಈ ಗಿಡಕ್ಕೆ ಏನೋ ಮಾಡಿಸಿ, ಇಲ್ಲೇ ಬಿಟ್ಟು ಹೋದ್ಲು. ಆ ಗಿಡ ಎತ್ತಿ ಬಿಸಾಡೋಕೆ ನನಗೂ ಕೈ ಬರ್ಲಿಲ್ಲ."

ಮಹಡಿಗೆ ಬಂದವಳಿಗೆ ತನ್ನವರೆಂದು ಇದ್ದದ್ದು ಆರು ವರ್ಷದ ಮಗಳು ಗುಬ್ಬಿ ಮಾತ್ರ. ಇಬ್ಬರೂ ಸೇರಿ ಗಿಡವನ್ನು ಬಿಸಿಲಿನಿಂದ ಪರದೆಯ ಮರೆಗೆ ಸರಿಸಿದರು. ಹಿಂದಿನ ದಿನವೇ ಹಿಡಿದಿಟ್ಟ ನೀರು, ಅದೂ ಮಣ್ಣಿಗೆ ಬೆರಳಿಟ್ಟು ನೋಡಿದ ಮೇಲೆ. ಕೆಳಗಿನ ಎಲೆಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಗುಬ್ಬಿಯ ಪಾಲು. ಕೋಣೆಯಲ್ಲಿ ಮಾತ್ರ ಹಸಿಮಣ್ಣಿನ ಜೊತೆ ಕೂದಲು ಸುಟ್ಟಂಥ ವಾಸನೆ. ಪಾರ್ಲರಿನದು ಮೈಗೆ ಅಂಟಿರಬೇಕು ಎಂದುಕೊಂಡಳು.

ಆದರೆ ಎಲೆಗಳ ತುದಿ ಕಂದುಗಟ್ಟಿ ಒಣಗತೊಡಗಿತು. ಸೀಳಿದ ತುದಿ ಕಂಡರೆ ಸುಮ್ಮನಿರುವ ಕೈ ಅವಳದಲ್ಲ. ಒಂದು ಭಾನುವಾರ ಕತ್ತರಿ ತಂದು, ಹಸಿರಿಗೆ ಗಾಯವಾಗದಂತೆ ನೂಲಿನಷ್ಟು ಕಂದು ಉಳಿಸಿ, ಏಳು ತುದಿಗಳನ್ನು ಚೊಕ್ಕವಾಗಿ ಕತ್ತರಿಸಿದಳು. ಕಿಟಕಿ ಮುಚ್ಚಿತ್ತು. ಆದರೂ ಗಿಡ ಒಮ್ಮೆ ಸರಸರ ಎಂದಿತು.

ಸೋಮವಾರ ಗುಬ್ಬಿಗೆ ಟೀಚರ ಹೆಸರು ಮರೆತಿತ್ತು. ಮಂಗಳವಾರ ಶಾಲೆಯ ದಾರಿ. ಡಾಕ್ಟರು ನಾಲಿಗೆ, ಕಣ್ಣು ನೋಡಿ, "ಏನೂ ಇಲ್ಲಮ್ಮ, ಮಕ್ಕಳಾಟ" ಎಂದರು. ಬುಧವಾರ ಬಾಚಲು ಕೂರಿಸಿಕೊಂಡರೆ ಮಗು ಕೊಸರಿಕೊಂಡು, "ಬಿಡಿ ಆಂಟಿ" ಎಂದಿತು.

ಆಂಟಿ!

ಗುರುವಾರ ಸಂಜೆ ಕರೆಂಟ್ ಹೋಗಿತ್ತು. ಕೆಲಸದಿಂದ ಬಂದವಳಿಗೆ ಕತ್ತಲಲ್ಲಿ ಪಿಸುಮಾತು ಕೇಳಿಸಿತು. ಗುಬ್ಬಿ ಕುಂಡವನ್ನು ತಬ್ಬಿಕೊಂಡು, ಎಲೆಗೆ ಕೆನ್ನೆ ಒತ್ತಿ, "ಅಮ್ಮಾ... ಅಮ್ಮಾ..." ಎನ್ನುತ್ತಿದ್ದಳು. ಎಲೆಗಳು ಅವಳ ಬೆನ್ನು ಸವರುತ್ತಿದ್ದವು.

ತಾಯಿ ಕಿರುಚಿದ ದನಿಗೆ ಟೈಲರಕ್ಕ ಅರ್ಧ ಹೊಲಿದ ಬಟ್ಟೆ ಬಿಟ್ಟು ಓಡಿಬಂದಳು. ಏನಾಯಿತೆಂದು ತಿಳಿದ ಮೇಲೂ 'ಅವತ್ತೇ ಹೇಳಿದ್ದೆ' ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಟಾರ್ಚ್ ಹಿಡಿದು ಕುಂಡದ ಪಕ್ಕ ಕುಳಿತಳು. ಇವಳು ಬರಿಗೈಯಲ್ಲಿ ಮಣ್ಣು ಬಗೆದಳು. ಬೇರುಗಳ ನಡುವೆ ಪುಟ್ಟ ಮಗುವಿನದೊಂದು ಜಡೆ. ಬೆಚ್ಚಗಿತ್ತು. ಅದಕ್ಕೆ ಕಟ್ಟಿದ ತಗಡಿನ ಮೇಲೆ ಕೊರೆದ ಒಂದು ಸಾಲು: ಕತ್ತರಿ ಹಾಕಿದವಳ ಮಗಳು ನನ್ನ ಮಗಳಾಗಲಿ.

"ಸುಟ್ಟುಬಿಡೋಣ ಅಕ್ಕ!"

"ಬೇಡ. ಸುಟ್ರೆ ಮಗುನ ನೆನಪೂ ಜೊತೆಗೇ ಸುಡುತ್ತೆ." ಟೈಲರಕ್ಕ ಅವಳ ಕೈ ಹಿಡಿದಳು. "ಬದಲಿ ಕೊಟ್ಟರೆ ಬಿಡುತ್ತೆ ಅಂದಿದ್ಲು ಮುಂಚೆ ಇದ್ದೋಳು. ನಿನ್ನ ಜಡೆ ಇಡಬೇಕು. ಮಗುಗೆ ನೀನು ನೆನಪಾಗ್ತೀಯ. ನಿನಗೆ... ಮಗು ಮರೆತುಹೋಗುತ್ತೆ."

ಗುಬ್ಬಿಯ ತಾಯಿ ತನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಅವಳು ಅವಸರ ಅವಸರವಾಗಿ ಹೇಳತೊಡಗಿದಳು. "ಹಾಲಲ್ಲಿ ಕೆನೆ ಇದ್ರೆ ಕುಡಿಯಲ್ಲ, ಸೋಸಬೇಕು. ಎಡಗಿವಿ ಮೇಲೆ ಸುಳಿ ಇದೆ, ಅಲ್ಲಿ ಜೋರಾಗಿ ಬಾಚಬೇಡಿ. ಗುಡುಗಿದ್ರೆ ಕಾಲು ಹಿಡ್ಕೊಂಡು ಮಲಗ್ತಾಳೆ, ಹಿಡ್ಕೊಳ್ಳಲಿ ಬಿಡಿ. ನೋಡ್ಕೊಳ್ತೀರಲ್ಲ ಅಕ್ಕ?"

"ಇಬ್ಬರನ್ನೂ ನೋಡ್ಕೊಳ್ತೀನಿ ಕಣೇ."

ತಾಯಿ ಗುಬ್ಬಿಯ ನೆತ್ತಿಯನ್ನೊಮ್ಮೆ ಮೂಸಿದಳು. ಮಗು ಮುಖ ತಿರುಗಿಸಿತು. ಕತ್ತರಿ ಎತ್ತಿದಳು. ಕುತ್ತಿಗೆಯ ಬುಡಕ್ಕೇ ಇಟ್ಟಳು. ಕರ್ ಎಂದಿತು. ಜಡೆ ಕೈಗೆ ಬಂತು. ಕುಂಡಕ್ಕಿಟ್ಟಳು. ಬೇರು ಸುತ್ತಿಕೊಂಡಿತು. ಎಳೆಯಿತು. ಮಣ್ಣು ಮುಚ್ಚಿಕೊಂಡಿತು.

ಗಿಡ ಸುಮ್ಮನಾಯಿತು.

"ಅಮ್ಮಾ!" ಗುಬ್ಬಿ ಓಡಿಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು. ಬಿಕ್ಕಿ ಬಿಕ್ಕಿ ಅತ್ತಳು.

ಅವಳು ಆ ಪುಟ್ಟ ಬೆನ್ನನ್ನು ಮೆಲ್ಲಗೆ ತಟ್ಟಿದಳು. ಸೆರಗಿನಿಂದ ಕೆನ್ನೆ ಒರೆಸಿದಳು. ಆಮೇಲೆ ತಲೆಯೆತ್ತಿ ಕೇಳಿದಳು.

"ಯಾರ ಮಗು ಅಕ್ಕ ಇದು? ಪಾಪ, ಎಷ್ಟು ಅಳ್ತಿದೆ. ಬನ್ನಿ, ಮನೆಗೆ ಬಿಟ್ಟು ಬರೋಣ. ಇದರಮ್ಮ ಹುಡುಕ್ತಾ ಇರ್ತಾಳೆ."